ನಿಶ್ಶಬ್ದವಾದ ಮೋಟಾರಿಗೆ ಕೃತಕ ಧ್ವನಿ

ಎತ್ತಿನ ಕೊರಳಿಗೆ ಗಂಟೆಯನ್ನು ಕಟ್ಟುವುದು ಕೇವಲ ಅಲಂಕಾರಾರ್ಥವೆಂದು ನಾವು ಬಾಲ್ಯದಲ್ಲಿ ಭಾವಿಸಿದ್ದೆವು. ಸಂತೆಯಿಂದ ರಾತ್ರಿ ಹಿಂದಿರುಗುವ ಗಾಡಿಯಲ್ಲಿ ಹೊಡೆಯುವವನು ನಿದ್ದೆಹೋಗಿದ್ದರೂ, ಅಡಿಯಲ್ಲಿ ತೂಗುಹಾಕಿದ ಲಾಂದ್ರವು ಆರಿಹೋಗಿದ್ದರೂ, ಎದುರು ಬರುವ ಪಾದಚಾರಿಯು ಆ ಗಂಟೆಯ ದನಿಯನ್ನು ಕೇಳಿ ಬದಿಗೆ ಸರಿಯುತ್ತಿದ್ದನೆಂಬುದು ನಮಗೆ ಬಹಳ ತಡವಾಗಿ ಹೊಳೆಯಿತು. ಹಿಂದಿನ ಕಾಲದ ಅಂಚೆಯ ಓಟಗಾರನ ಈಟಿಗೆ ಗೆಜ್ಜೆ ಕಟ್ಟುತ್ತಿದ್ದುದೂ ಹೆಚ್ಚು ಕಡಮೆ ಇದೇ ಅಭಿಪ್ರಾಯದಿಂದಲೇ. ಮೋಟಾರು ಗಾಡಿಯು ಬಂದ ಮೇಲೆ ಈ ಗಂಟೆಯ ಕೆಲಸವನ್ನು ಅದರ ಯಂತ್ರವು, ಯಾರೂ ಹೇಳದೆಯೇ, ತಾನಾಗಿ ವಹಿಸಿಕೊಂಡಿತು. ಆ ಗದ್ದಲವನ್ನು ನಾವೆಲ್ಲರೂ ಶಪಿಸಿದೆವು. ಅದು ನಮಗೆ ಮಾಡುತ್ತಿದ್ದ ಉಪಕಾರವು ಗದ್ದಲವು ನಿಂತ ಮೇಲಲ್ಲದೆ ಗೊತ್ತಾಗಲಿಲ್ಲ.

ಈಗ ವಿದ್ಯುಚ್ಛಕ್ತಿಯ ಕಾರುಗಳು ಬಂದಿವೆಯಷ್ಟೆ. ಅವು ನಮಗೆ ತೀರ ಹೊಸವೂ ಅಲ್ಲ, ಪರದೇಶದವೂ ಅಲ್ಲ. ಬೆಂಗಳೂರಿನಲ್ಲಿ ತಯಾರಾಗಿ ೨೦೦೧ರಿಂದ ಮಾರಾಟವಾದ ರೇವಾ ಎಂಬ ಪುಟ್ಟ ಕಾರು ಸಮುದ್ರವನ್ನು ದಾಟಿ ಲಂಡನ್ ಪಟ್ಟಣದ ಬೀದಿಗಳಲ್ಲಿಯೂ ಬೇರೊಂದು ಹೆಸರಿನಿಂದ ಓಡಾಡಿತು. ಇವುಗಳ ಮೋಟಾರು ತಿರುಗುವಾಗ ಹೊಗೆಯಿಲ್ಲ, ಕಂಪನವಿಲ್ಲ, ಹೇಳಿಕೊಳ್ಳತಕ್ಕ ಸದ್ದೂ ಇಲ್ಲ. ಕಾಳಿದಾಸನ ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರನ ರಥದಲ್ಲಿ ಕುಳಿತು ಹೇಮಕೂಟಕ್ಕೆ ಇಳಿಯುವಾಗ, ಗಾಲಿಗಳು ಸದ್ದುಮಾಡಲಿಲ್ಲ, ಧೂಳೇಳಲಿಲ್ಲ, ಇಳಿದುದೇ ತಿಳಿಯಲಿಲ್ಲವಲ್ಲ ಎಂದು ಸಾರಥಿಯಾದ ಮಾತಲಿಯೊಡನೆ ಬೆರಗಾಗುತ್ತಾನೆ. ಆ ಅಂಕವನ್ನು ವರ್ಷ ವರ್ಷವೂ ಹುಡುಗರಿಗೆ ಪಾಠ ಹೇಳಿದ ನಾವು ದೇವರಥದ ಮಹಿಮೆಯನ್ನು ಬಣ್ಣಿಸಿದೆವೇ ಹೊರತು, ಅಂಥ ರಥವು ಮನುಷ್ಯರು ನಡೆದಾಡುವ ಓಣಿಗೆ ಇಳಿದರೆ ಗತಿಯೇನೆಂದು ಒಂದು ದಿನವೂ ಆಲೋಚಿಸಿದವರಲ್ಲ.

ಆಲೋಚಿಸಬೇಕಾದ ಪ್ರಸಂಗವು ನಮ್ಮ ಮನೆಯ ಬಾಗಿಲಲ್ಲಿಯೇ ಒದಗಿತು. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಲೇಸು.

ಮೈಸೂರಿನಲ್ಲಿರುವ ನಮ್ಮ ಮನೆಗೆ ನಮ್ಮ ಮಗನು ಮತ್ತೊಬ್ಬರು ಕೆಲವು ವರ್ಷ ಓಡಿಸಿದ ವಿದ್ಯುತ್ ಕಾರೊಂದನ್ನು ಕೊಂಡು ತಂದನು. ನಮ್ಮೊಡನೆ ಒಂದೇ ಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಸ್ನೇಹಿತರೊಬ್ಬರು ಎರಡು ಬೀದಿಗಳ ಆಚೆ ವಾಸವಾಗಿದ್ದಾರೆ. ಗ್ಲಾಕೋಮವೆಂಬ ನೇತ್ರರೋಗದಿಂದ ಅವರ ದೃಷ್ಟಿಯು ಸಂಪೂರ್ಣವಾಗಿ ಹೋಗಿ ಆರು ವರ್ಷಗಳಾದುವು. ಆದಾಗ್ಯೂ ಪ್ರತಿದಿನ ಬೆಳಿಗ್ಗೆ ಬಿಳಿಯ ಕೋಲನ್ನು ಹಿಡಿದು, ಹೆಜ್ಜೆಗಳನ್ನು ಎಣಿಸುತ್ತ, ಯಾರ ಕೈಯನ್ನೂ ಹಿಡಿಯದೆ ನಮ್ಮ ಮನೆಗೆ ಬಂದು ಒಂದು ಲೋಟ ಕಾಫಿಯನ್ನು ಕುಡಿದು ಹೋಗುವುದು ಅವರ ವಾಡಿಕೆ. ಒಂದು ದಿನ ನಾವು ಬೇಗನೆ ಹೊರಡಬೇಕಾಗಿದ್ದುದರಿಂದ ಕಾರನ್ನು ಗೇಟಿನಿಂದ ಹಿಮ್ಮುಖವಾಗಿ ಹೊರಕ್ಕೆ ತರುತ್ತಿದ್ದೆವು. ಕನ್ನಡಿಯಲ್ಲಿ ನೋಡಿದೆವೆಂದೇ ನಮ್ಮ ನಂಬಿಕೆ. ಸರಿಯಾಗಿ ನೋಡಲಿಲ್ಲವೆಂಬುದು ಫಲದಿಂದ ಸಿದ್ಧವಾಯಿತು. ಟಕ್ಕೆಂಬ ಶಬ್ದವಾಯಿತು. ಇಳಿದು ನೋಡಿದರೆ ಹಿಂದಿನ ಚಕ್ರದ ಅಡಿಯಲ್ಲಿ ಬಿಳಿಯ ಕೋಲು ಎರಡು ತುಂಡಾಗಿತ್ತು. ನಮ್ಮ ಸ್ನೇಹಿತರು ಮೋರಿಯ ಕಲ್ಲಿನ ಮೇಲೆ ಕುಳಿತಂತೆ ಬಿದ್ದಿದ್ದರು. ಮೊಣಕಾಲು ತರೆದಿತ್ತು, ಅಂಗೈಯಲ್ಲಿ ರಕ್ತ ಬಂದಿತ್ತು. ಮೂಳೆ ಮುರಿಯಲಿಲ್ಲವೆಂಬುದು ದೇವರ ದಯೆ. ನಾವು ಮಾತು ಹೊರಡದೆ ನಿಂತಿರಲು ಅವರೇ, “ಕ್ಷಮಿಸಿ, ನೀವು ಬಂದದ್ದು ನನಗೆ ಕೇಳಿಸಲಿಲ್ಲ” ಎಂದರು.

ತಪ್ಪು ಮಾಡಿದವರು ನಾವು. ಕ್ಷಮೆ ಕೇಳಿದವರು ಅವರು. ಆ ಒಂದು ಮಾತು ನಮ್ಮನ್ನು ಹಲವು ರಾತ್ರಿಗಳು ನಿದ್ದೆಗೆಡಿಸಿತು. ಅದರ ಫಲವಾಗಿ ಈ ವಿಷಯದಲ್ಲಿ ಲೋಕದ ಬೇರೆ ಕಡೆಗಳಲ್ಲಿ ಏನು ನಡೆದಿದೆಯೆಂದು ಓದಿ ತಿಳಿಯಲು ತೊಡಗಿದೆವು.

ಅಮೆರಿಕದಲ್ಲಿ ಕುರುಡರ ಸಂಘಗಳು ಇಂಥ ಕಾರುಗಳ ವಿಷಯವಾಗಿ ಇಪ್ಪತ್ತು ವರ್ಷಗಳಿಗೂ ಹಿಂದಿನಿಂದಲೇ ದೂರು ಹೇಳುತ್ತಿದ್ದರೂ, ಅದು ಬರಿಯ ಭಯವೆಂದು ತಳ್ಳಿಹಾಕಿದವರೇ ಬಹಳ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾರೆನ್ಸ್ ರೋಸನ್‌ಬ್ಲಮ್ ಎಂಬ ಮನಶ್ಶಾಸ್ತ್ರಜ್ಞರು ೨೦೦೮ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಮೆಲ್ಲನೆ ಬರುವ ಎರಡು ಬಗೆಯ ಕಾರುಗಳ ಸದ್ದನ್ನು ಮುದ್ರಿಸಿ ಕೇಳಿಸಿದಾಗ, ಪೆಟ್ರೋಲಿನ ಕಾರಿಗಿಂತ ವಿದ್ಯುತ್ತಿನಿಂದ ಚಲಿಸುವ ಮಿಶ್ರ ಕಾರು ಶೇಕಡ ೪೦ರಷ್ಟು ಹೆಚ್ಚು ಹತ್ತಿರಕ್ಕೆ ಬಂದ ಮೇಲೆಯೇ ಕೇಳುವವರಿಗೆ ಅದರ ದಿಕ್ಕು ಗೊತ್ತಾಯಿತು. ಮರುವರ್ಷ ಆ ದೇಶದ ಹೆದ್ದಾರಿ ಸುರಕ್ಷತೆಯ ಇಲಾಖೆಯವರು ಅಪಘಾತದ ದಾಖಲೆಗಳನ್ನು ತೆಗೆದು ನೋಡಲಾಗಿ, ವೇಗವನ್ನು ತಗ್ಗಿಸುವಾಗ, ನಿಲ್ಲುವಾಗ, ಹಿಂದಕ್ಕೆ ಸರಿಯುವಾಗ, ನಿಲ್ಲಿಸುವ ಜಾಗಕ್ಕೆ ಹೋಗಿಬರುವಾಗ ಇಂಥ ಕಾರುಗಳು ಪಾದಚಾರಿಗಳಿಗೆ ತಗಲುವ ಸಂಭವವು ಇತರ ಕಾರುಗಳ ಎರಡರಷ್ಟು ಇತ್ತು. ಹಿಂದಕ್ಕೆ ಸರಿಯುವಾಗ ಎಂಬ ಮಾತನ್ನು ಓದಿದಾಗ ನಮಗೆ ನಮ್ಮ ಗೇಟು ಕಣ್ಣಮುಂದೆ ಬಂದಿತು. ಬ್ರಿಟನ್ನಿನಲ್ಲಿ ೨೦೧೩ರಿಂದ ೨೦೧೭ರ ವರೆಗಿನ ಅಪಘಾತಗಳನ್ನು ಕುರಿತು ೨೦೨೪ರಲ್ಲಿ ಪ್ರಕಟವಾದ ಅಧ್ಯಯನವೂ, ಓಡಿದ ಪ್ರತಿ ಮೈಲಿಯ ಲೆಕ್ಕದಲ್ಲಿ ಹೆಚ್ಚು ಕಡಮೆ ಇದೇ ಎರಡರಷ್ಟು ಎಂಬ ಪ್ರಮಾಣವನ್ನು ಕೊಟ್ಟಿದೆ. ಸದ್ದಿಲ್ಲದಿರುವುದೊಂದೇ ಇದಕ್ಕೆಲ್ಲ ಕಾರಣವೆಂದು ಅದರ ಕರ್ತೃಗಳು ಹೇಳಿಲ್ಲವೆಂಬುದನ್ನೂ ಇಲ್ಲಿಯೇ ಹೇಳುವುದು ನ್ಯಾಯ.

ಈ ಕೊರತೆಯನ್ನು ಮೊದಲು ಗಂಭೀರವಾಗಿ ಎಣಿಸಿದ ಸರ್ಕಾರಗಳಲ್ಲಿ ಜಪಾನಿನದೂ ಒಂದು. ಅದು ಸಹಜವೇ ಸರಿ. ಪ್ರಿಯಸ್ ಎಂಬ ಮಿಶ್ರಶಕ್ತಿಯ ಕಾರನ್ನು ಟೊಯೋಟಾ ಸಂಸ್ಥೆಯವರು ೧೯೯೭ರ ಡಿಸೆಂಬರಿನಲ್ಲಿ ಮೊದಲು ಮಾರಿದುದು ಆ ದೇಶದಲ್ಲಿಯೇ. ಅಲ್ಲಿನ ಸಾರಿಗೆಯ ಇಲಾಖೆಯು ೨೦೦೯ರಲ್ಲಿ ಸಮಿತಿಯೊಂದನ್ನು ನೇಮಿಸಿ, ೨೦೧೦ರ ಜನವರಿಯಲ್ಲಿ ನಿರ್ದೇಶಗಳನ್ನು ಪ್ರಕಟಿಸಿತು. ಆ ನಿರ್ದೇಶಗಳಲ್ಲಿ ನಮಗೆ ಬಹಳ ಹಿಡಿಸಿದ ಅಂಶವೊಂದುಂಟು. ಕಾರಿನಿಂದ ಹೊರಡುವ ಧ್ವನಿಯು ಕಾರೊಂದು ಚಲಿಸುತ್ತಿದೆಯೆಂಬ ಭಾವನೆಯನ್ನೇ ಹುಟ್ಟಿಸತಕ್ಕದ್ದು. ಗಂಟೆ, ಸೈರನ್, ರಾಗ, ಪ್ರಾಣಿಗಳ ಕೂಗು, ಹುಳುಗಳ ದನಿ, ಅಲೆ ಗಾಳಿ ಹೊಳೆಗಳ ಶಬ್ದ, ಇವು ಯಾವುವೂ ತಕ್ಕುವಲ್ಲವೆಂದು ಅವರು ವಿಧಿಸಿದರು. ನಮ್ಮ ಬೀದಿಗಳಲ್ಲಿ ಹಿಂದಕ್ಕೆ ಸರಿಯುವ ಕಾರುಗಳು ಸಿನಿಮಾ ಹಾಡನ್ನೋ ಮಂಗಳಾರತಿಯ ಮಟ್ಟನ್ನೋ ನುಡಿಸುತ್ತಿದ್ದ ಕಾಲವನ್ನು ಕಂಡವರಿಗೆ ಈ ವಿಧಿಯ ಬೆಲೆಯು ಬೇಗನೆ ತಿಳಿದೀತು. ಹಾಡು ಕೇಳಿದವನು ಹಾಡಿಗೆ ಕಿವಿಗೊಡುತ್ತಾನೆ, ದಾರಿಯಿಂದ ಸರಿಯುವುದಿಲ್ಲ.

ಅದೇ ೨೦೧೦ರ ಆಗಸ್ಟ್ ತಿಂಗಳ ಕೊನೆಯಲ್ಲಿ ಟೊಯೋಟಾದವರು, ಆಗಲೇ ಜನರ ಮನೆಗಳಲ್ಲಿದ್ದ ಮೂರನೆಯ ತಲೆಯ ಪ್ರಿಯಸ್ ಕಾರುಗಳಿಗೆ ತರುವಾಯ ಜೋಡಿಸತಕ್ಕ ಧ್ವನಿಯಂತ್ರವೊಂದನ್ನು ಜಪಾನಿನಲ್ಲಿ ಮಾರಾಟಕ್ಕಿಟ್ಟರು. ಬೆಲೆಯು ತೆರಿಗೆ ಸೇರಿ ೧೨,೬೦೦ ಯೆನ್. ಜೋಡಿಸುವ ಕೂಲಿ ಬೇರೆ. ಕಾರು ವಿದ್ಯುತ್ತಿನಿಂದ ಮಾತ್ರ ನಡೆಯುವಾಗ, ಗಂಟೆಗೆ ಸುಮಾರು ೨೫ ಕಿಲೋಮೀಟರಿನ ವೇಗದ ವರೆಗೆ, ಮೋಟಾರಿನ ಗುಂಯ್‌ಗುಟ್ಟುವಿಕೆಯನ್ನು ಹೋಲುವ ಧ್ವನಿಯು ಅದರಿಂದ ತಾನಾಗಿ ಹೊರಡುತ್ತಿತ್ತು. ವೇಗ ಏರಿದಂತೆ ಸ್ವರವೂ ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಮನುಷ್ಯನು ಕಾರಿಗೆ ಕೊಂಡು ಹಾಕುವ ಮೆತ್ತೆ, ಬಣ್ಣ, ರೇಡಿಯೋ ಮೊದಲಾದುವೆಲ್ಲ ಒಳಗೆ ಕುಳಿತವನ ಸುಖಕ್ಕೆ. ಈ ೧೨,೬೦೦ ಯೆನ್‌ಗಳ ಪದಾರ್ಥವನ್ನು ಕೊಂಡವನಿಗೆ ಅದರಿಂದ ಸುಖವಿಲ್ಲ. ಇದ್ದ ಮೌನವೂ ಹೋಗುತ್ತದೆ. ಅದರ ಪ್ರಯೋಜನವೆಲ್ಲವೂ ಅವನು ಹೆಸರನ್ನೂ ಅರಿಯದ ದಾರಿಹೋಕನಿಗೆ ಸೇರುತ್ತದೆ.

ವೇಗವು ಕಡಮೆಯಿರುವಾಗ ಮಾತ್ರ ಈ ಸದ್ದು ಏಕೆಂದು ಕೇಳಬಹುದು. ಕಾರು ಜೋರಾಗಿ ಓಡುವಾಗ ಟೈರು ರಸ್ತೆಗೆ ಉಜ್ಜುವ ಸದ್ದೂ ಗಾಳಿಯನ್ನು ಸೀಳುವ ಸದ್ದೂ ತಾವಾಗಿಯೇ ಸಾಕಷ್ಟು ಹುಟ್ಟುತ್ತವೆ. ಆಗ ಯಾವ ಯಂತ್ರದ ಕಾರಾದರೂ ಹೆಚ್ಚು ಭೇದವಿಲ್ಲ. ಓಣಿ, ಗೇಟು, ಅಂಗಡಿಯ ಮುಂಭಾಗ, ಶಾಲೆಯ ಬಾಗಿಲು, ಇಂಥ ಕಡೆಗಳಲ್ಲಿ ನಿಧಾನವಾಗಿ ತೆವಳುವಾಗಲೇ ಅಪಾಯ. ಇನ್ನು ಸದ್ದು ಎಂಥದಾಗಿರಬೇಕೆಂಬುದು ಸೂಕ್ಷ್ಮವಾದ ಪ್ರಶ್ನೆ. ನಮ್ಮ ಎರಡು ಕಿವಿಗಳು ದಿಕ್ಕನ್ನು ಹಿಡಿಯುವ ಕ್ರಮವು ಸ್ವರಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಮಂದ್ರವಾದ ಸ್ವರವು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಕಣ್ಣೆವೆಯ ಸಹಸ್ರಾಂಶದಷ್ಟು ತಡವಾಗಿ ತಲಪುವುದರಿಂದ ದಿಕ್ಕು ಗೊತ್ತಾಗುತ್ತದೆ. ತಾರಸ್ವರವಾದರೆ ತಲೆಯು ಅಡ್ಡ ನಿಂತು ಒಂದು ಕಿವಿಗೆ ಅದನ್ನು ಕುಗ್ಗಿಸುವುದರಿಂದ ಗೊತ್ತಾಗುತ್ತದೆ. ಆದಕಾರಣ ಒಂದೇ ಸ್ವರದ ಸಿಳ್ಳಿಗಿಂತ ಹಲವು ಸ್ವರಗಳು ಕೂಡಿದ ಮೊರೆತವು ಎಲ್ಲಿಂದ ಬಂದಿತೆಂದು ಸುಲಭವಾಗಿ ತಿಳಿಯುತ್ತದೆ. ವಯಸ್ಸಾದಂತೆ ನಮ್ಮಂಥವರ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಸ್ವರವನ್ನೇ ಆದ್ದರಿಂದ ಕೆಳಗಿನ ಸ್ವರವೂ ಬೇಕೇ ಬೇಕು. ಸ್ವರದ ಏರಿಳಿತವಾದರೋ ಕಾರು ಹತ್ತಿರ ಬರುತ್ತ ವೇಗ ತಗ್ಗಿಸುತ್ತಿದೆಯೋ ಹೆಚ್ಚಿಸುತ್ತಿದೆಯೋ ಎಂಬುದನ್ನು ನಿಂತವನಿಗೆ ತಿಳಿಸುತ್ತದೆ. ಮಹಾಭಾರತದ ನಳೋಪಾಖ್ಯಾನದಲ್ಲಿ, ವಿರೂಪನಾಗಿ ಬಾಹುಕನೆಂಬ ಹೆಸರಿನಿಂದ ಋತುಪರ್ಣನ ರಥವನ್ನು ಹೊಡೆದುಕೊಂಡು ಕುಂಡಿನಪುರಕ್ಕೆ ಬಂದ ನಳನನ್ನು ದಮಯಂತಿಯು ಕಣ್ಣಿನಿಂದ ಕಾಣುವ ಮೊದಲೇ ರಥಘೋಷದಿಂದ ಊಹಿಸಿದಳಷ್ಟೆ. ನಮ್ಮ ಗಣಿತದ ಸ್ನೇಹಿತರೂ ಹಾಗೆಯೇ. ಬೀದಿಯಲ್ಲಿ ಓಡಾಡುವ ಹಳೆಯ ಸ್ಕೂಟರು, ಹಾಲಿನ ಗಾಡಿ, ಆಟೋಗಳನ್ನು ಒಡೆಯರ ಹೆಸರಿನೊಡನೆ ಹೇಳಬಲ್ಲರು. ನಮ್ಮ ಕಾರಿನ ಹೆಸರನ್ನು ಮಾತ್ರ ಹೇಳಲಾರದೆ ಹೋದರು.

ಈ ಸೂಕ್ಷ್ಮಗಳೆಲ್ಲವೂ ಈಗ ನಿಬಂಧನೆಗಳ ರೂಪವನ್ನು ತಳೆದಿವೆ. ವಿಶ್ವಸಂಸ್ಥೆಯ ೧೩೮ನೆಯ ವಾಹನ ನಿಬಂಧನೆಯು ೨೦೧೬ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಎರಡು ಮೀಟರು ದೂರದಲ್ಲಿ ಅಳೆದರೆ ಗಂಟೆಗೆ ೧೦ ಕಿಲೋಮೀಟರಿನ ವೇಗದಲ್ಲಿ ೫೦ ಡೆಸಿಬೆಲ್, ೨೦ ಕಿಲೋಮೀಟರಿನಲ್ಲಿ ೫೬, ಹಿಮ್ಮುಖ ಚಲನೆಯಲ್ಲಿ ೪೭, ಇಷ್ಟಕ್ಕೆ ಕಡಮೆಯಿರಕೂಡದು. ೭೫ನ್ನು ಮೀರಲೂ ಕೂಡದು. ೫೦ ಡೆಸಿಬೆಲ್ ಎಂದರೆ ಮನೆಯೊಳಗೆ ಮೆಲ್ಲನೆ ಮಾತನಾಡಿದಷ್ಟು. ಇದರಿಂದ ಬೀದಿಯ ಶಾಂತಿ ಕೆಡುವುದೆಂಬ ಭಯಕ್ಕೆ ಆಧಾರವಿಲ್ಲ. ಚಾಲಕನು ಬೇಡವೆಂದಾಗ ಈ ಸದ್ದನ್ನು ಅಡಗಿಸುವ ಗುಂಡಿಯು ಮೊದಮೊದಲು ಕೆಲವು ಕಾರುಗಳಲ್ಲಿ ಇತ್ತು. ನಿಬಂಧನೆಯ ತಿದ್ದುಪಡಿಯು ಅದನ್ನು ನಿಷೇಧಿಸಿತು. ಯುರೋಪಿನಲ್ಲಿ ಹೊಸ ಮಾದರಿಗಳಿಗೆ ೨೦೧೯ರ ಜುಲೈಯಿಂದಲೂ, ಹೊಸದಾಗಿ ಮಾರುವ ಎಲ್ಲ ವಿದ್ಯುತ್ ಕಾರುಗಳಿಗೆ ೨೦೨೧ರ ಜುಲೈಯಿಂದಲೂ ಇದು ಕಡ್ಡಾಯ. ಅಮೆರಿಕದ ಶಾಸನಕ್ಕೆ ೨೦೧೧ರ ಜನವರಿಯಲ್ಲಿ ಅಧ್ಯಕ್ಷರ ಅಂಕಿತ ಬಿದ್ದಿತಾದರೂ ಅದು ಪೂರ್ಣವಾಗಿ ಆಚರಣೆಗೆ ಬಂದುದು ಹತ್ತು ವರ್ಷಗಳ ಮೇಲೆ. ಅಲ್ಲಿ ಕಾರು ನಿಂತಿದ್ದರೂ ಹೊರಡಲು ಸಿದ್ಧವಾಗಿದ್ದರೆ ಸದ್ದುಮಾಡಬೇಕು. ನಮ್ಮ ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಮಂತ್ರಾಲಯವು ೨೦೨೫ರ ಸೆಪ್ಟೆಂಬರಿನಲ್ಲಿ ಕರಡು ಅಧಿಸೂಚನೆಯನ್ನು ಹೊರಡಿಸಿ, ಜನರನ್ನೂ ಸರಕನ್ನೂ ಸಾಗಿಸುವ ವಿದ್ಯುತ್ ಕಾರು, ಬಸ್ಸು, ಲಾರಿಗಳ ಹೊಸ ಮಾದರಿಗಳಿಗೆ ೨೦೨೬ರ ಅಕ್ಟೋಬರಿನಿಂದಲೂ, ಈಗಾಗಲೇ ತಯಾರಾಗುತ್ತಿರುವ ಮಾದರಿಗಳಿಗೆ ೨೦೨೭ರ ಅಕ್ಟೋಬರಿನಿಂದಲೂ ಇದನ್ನು ವಿಧಿಸಬೇಕೆಂದು ಸೂಚಿಸಿತು.

ಇವೆಲ್ಲವೂ ಒಳ್ಳೆಯವೇ. ಆದರೆ ಈ ಕಟ್ಟಳೆಗಳೆಲ್ಲ ಕಾರ್ಖಾನೆಯ ಬಾಗಿಲಿನಿಂದ ಮುಂದೆ ಹೊರಡತಕ್ಕ ಕಾರನ್ನು ಕುರಿತವು. ಆಗಲೇ ಹೊರಟುಬಂದು ನಮ್ಮ ನಿಮ್ಮ ಗೇಟಿನೊಳಗೆ ನಿಂತಿರುವ ಮೂಕ ಕಾರು ಇನ್ನೂ ಹತ್ತು ಹನ್ನೆರಡು ವರ್ಷ ಹಾಗೆಯೇ ಓಡಾಡಬಹುದು. ಅದಕ್ಕೆ ದನಿಯನ್ನು ಕೊಡೆಂದು ಒಡೆಯನನ್ನು ಯಾರೂ ಬಲವಂತಪಡಿಸುವುದಿಲ್ಲ.

ಮನೆಯಲ್ಲಿ ನಾವು ಈ ಮಾತನ್ನೆತ್ತಿದಾಗ ಎಲ್ಲರೂ ಒಪ್ಪಿದರೆಂದು ವಾಚಕರು ತಿಳಿಯಬಾರದು. ಸದ್ದಿಲ್ಲವೆಂದೇ ಅಲ್ಲವೆ ಇದನ್ನು ಕೊಂಡದ್ದು ಎಂದು ಸೊಸೆಯು ಕೇಳಿದಳು. ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಮೊಮ್ಮಗನಾದರೋ ಸದ್ದು ಹಾಕುವುದಾದರೆ ಓಟದ ಪಂದ್ಯದ ಕಾರಿನಂತೆ ಗರ್ಜಿಸುವುದನ್ನೇ ಹಾಕಿಸೋಣವೆಂದನು. ಅವನ ಆಸೆಯೂ ಲೋಕದಲ್ಲಿ ಇಲ್ಲದುದಲ್ಲ. ೨೦೧೧ರಲ್ಲಿ ಬಂದ ಬಿಎಂಡಬ್ಲ್ಯು ಕಂಪನಿಯ ಎಂ೫ ಎಂಬ ಕಾರಿನಲ್ಲಿ ಯಂತ್ರದ ಗರ್ಜನೆಯನ್ನು ರೇಡಿಯೋದ ಸ್ಪೀಕರುಗಳ ಮೂಲಕ ಒಳಗೆ ಕುಳಿತವನಿಗೆ ಹೆಚ್ಚಿಸಿ ಕೇಳಿಸುವ ಏರ್ಪಾಡಿತ್ತು. ಸಾಧುವಾದ ಡೀಸೆಲ್ ಕಾರಿನ ಹಿಂಬದಿಗೆ ಸ್ಪೀಕರನ್ನು ಜೋಡಿಸಿ ಎಂಟು ಸಿಲಿಂಡರಿನ ಯಂತ್ರದಂತೆ ಅಬ್ಬರಿಸುವ ಪೆಟ್ಟಿಗೆಗಳೂ ಯುರೋಪಿನಲ್ಲಿ ಮಾರಾಟಕ್ಕುಂಟು. ಕೆಳಗೆ ಹೇಳುವ ನಮ್ಮ ಯಂತ್ರಕ್ಕೂ ಇದಕ್ಕೂ ತಂತಿ, ಸ್ಪೀಕರು, ಪೆಟ್ಟಿಗೆ ಎಲ್ಲವೂ ಒಂದೇ. ಉದ್ದೇಶದಲ್ಲಿ ಮಾತ್ರ ಅಜಗಜಾಂತರ. ಒಂದು ನಾನು ಬಂದೆನೆಂದು ಮೆರೆಯುತ್ತದೆ. ಇನ್ನೊಂದು ನಾನು ಬರುತ್ತಿದ್ದೇನೆ, ಸರಿಯಿರಿ ಎಂದು ಬಿನ್ನವಿಸುತ್ತದೆ. ಇವೆರಡನ್ನೂ ಬೆರಸಿದರೆ ಏನಾಗುವುದೆಂಬುದಕ್ಕೂ ದೃಷ್ಟಾಂತವಿದೆ. ಟೆಸ್ಲಾ ಕಂಪನಿಯವರು ಬೇಕಾದ ಸದ್ದನ್ನು ಕಾರಿನ ಹೊರಗೆ ನುಡಿಸುವ ಸೌಕರ್ಯವನ್ನು ಕೊಟ್ಟಿದ್ದರು. ಅದು ಪಾದಚಾರಿಗಳಿಗೆ ಎಚ್ಚರಿಕೆ ಕೊಡುವ ಸದ್ದನ್ನು ಮರೆಮಾಡುವುದೆಂಬ ಕಾರಣದಿಂದ ೨೦೨೨ರಲ್ಲಿ ಅಮೆರಿಕದಲ್ಲಿ ೫ ಲಕ್ಷ ೭೮ ಸಾವಿರ ಕಾರುಗಳನ್ನು ಸರಿಪಡಿಸಬೇಕಾಯಿತು. ಇದನ್ನು ಹೇಳಿದ ಮೇಲೂ ಮೊಮ್ಮಗನು ಒಂದು ದಿನ ಮುನಿಸಿಕೊಂಡೇ ಇದ್ದನು.

ಜೋಡಿಸುವ ಕೆಲಸವನ್ನು ವಹಿಸಿಕೊಂಡವನು ನಮ್ಮ ಹಳೆಯ ಶಿಷ್ಯ. ಸಂಸ್ಕೃತದಲ್ಲಿ ಎಂದೂ ಮೂವತ್ತೈದನ್ನು ದಾಟದವನು. ಆದರೆ ತಂತಿಗಳ ಅನ್ವಯಕ್ರಮವನ್ನು ನಾವು ಶ್ಲೋಕದ ಅನ್ವಯವನ್ನು ಬಿಡಿಸುವುದಕ್ಕಿಂತ ಬೇಗನೆ ಬಿಡಿಸಬಲ್ಲನು. ಅವನು ಹೇಳಿದ ಪ್ರಕಾರ ಈ ಯಂತ್ರದಲ್ಲಿ ಕಷ್ಟವಾದ ಭಾಗವು ಸದ್ದಲ್ಲ, ವೇಗವನ್ನು ತಿಳಿಯುವುದು. ಕೆಲವು ಅಗ್ಗದ ಪೆಟ್ಟಿಗೆಗಳು ಉಪಗ್ರಹದ ಸಂಕೇತದಿಂದ ವೇಗವನ್ನು ಅಳೆಯುತ್ತವೆ. ಅವು ಕಾರು ಹೊರಟ ಎರಡು ಮೂರು ಕ್ಷಣಗಳ ಮೇಲೆ ಎಚ್ಚರಗೊಳ್ಳುತ್ತವೆ, ಛಾವಣಿಯ ಕೆಳಗೆ ಎಚ್ಚರಗೊಳ್ಳುವುದೇ ಇಲ್ಲ. ಗೇಟಿನ ಬಳಿ ಆ ಎರಡು ಮೂರು ಕ್ಷಣಗಳಲ್ಲಿಯೇ ಅಲ್ಲವೆ ನಮಗೆ ಪ್ರಮಾದವಾದದ್ದು? ಆದ್ದರಿಂದ ಕಾರಿನ ಒಳಗಣ ಸಂದೇಶವಾಹಕ ತಂತಿಯಿಂದಲೇ ವೇಗವನ್ನು ಓದುವ, ಓದುವುದರ ಹೊರತು ಏನನ್ನೂ ಮರಳಿ ಬರೆಯದ ಪೆಟ್ಟಿಗೆಯನ್ನು ಆರಿಸಿದನು. ಹಿಮ್ಮುಖ ಚಲನೆಯ ಸೂಚನೆಯನ್ನು ಹಿಂದಿನ ಬಿಳಿಯ ದೀಪದ ತಂತಿಯಿಂದ ತೆಗೆದುಕೊಂಡನು. ಶಕ್ತಿಯು ೧೨ ವೋಲ್ಟಿನ ಸಣ್ಣ ಬ್ಯಾಟರಿಯಿಂದ, ಫ್ಯೂಸಿನ ಮೂಲಕ. ಕಿತ್ತಳೆಯ ಬಣ್ಣದ ದಪ್ಪ ತಂತಿಗಳನ್ನು ತೋರಿಸಿ, “ಇವುಗಳಲ್ಲಿ ಹರಿಯುವುದು ಪ್ರಾಣವನ್ನು ತೆಗೆಯುವ ವಿದ್ಯುತ್ತು ಸಾರ್, ಮನೆಯಲ್ಲಿ ಯಾರೂ ಮುಟ್ಟಕೂಡದು” ಎಂದು ನಾವು ಅವನಿಗೆ ಒಂದು ಕಾಲದಲ್ಲಿ ಹೇಳುತ್ತಿದ್ದ ದನಿಯಲ್ಲಿಯೇ ನಮಗೆ ಹೇಳಿದನು. ನೀರು ತಗಲಿದರೂ ಕೆಡದ ಸ್ಪೀಕರೊಂದನ್ನು ಮುಂದಿನ ಬಂಪರಿನ ಹಿಂದೆ, ಮಳೆಯ ನೀರು ನಿಲ್ಲದಂತೆ ಸ್ವಲ್ಪ ಕೆಳಮುಖವಾಗಿ ನಿಲ್ಲಿಸಿದನು. ಹಿಂದಕ್ಕೂ ಒಂದು ಬೇಕೆಂದು ನಾವು ಹಟಹಿಡಿದೆವು. ಎಲ್ಲವೂ ಸೇರಿ ನಮ್ಮ ಒಂದು ತಿಂಗಳ ಪಿಂಚಣಿಯ ಆರರಲ್ಲಿ ಒಂದು ಪಾಲಾಯಿತು.

ಶಾಸನದ ವಿಷಯವನ್ನೂ ಇಲ್ಲಿ ಹೇಳಬೇಕು. ನಮ್ಮ ದೇಶದ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೧೯ನೆಯದು, ಒಂದಾದ ಮೇಲೊಂದು ಸ್ವರವನ್ನು ನುಡಿಸುವ ಹಾರ್ನನ್ನೂ, ಕರ್ಕಶವಾದ ಅಥವಾ ಗಾಬರಿಗೊಳಿಸುವ ಸದ್ದನ್ನು ಮಾಡುವ ಇತರ ಸಾಧನಗಳನ್ನೂ ನಿಷೇಧಿಸುತ್ತದೆ. ಆದುದರಿಂದ ಹಾಡು, ಸಿಳ್ಳು, ಗರ್ಜನೆ ಇವು ಶಿಷ್ಯನ ಪೆಟ್ಟಿಗೆಯಲ್ಲಿ ಇದ್ದರೂ ಅವನ್ನು ಅಳಿಸಿಹಾಕಿಸಿದೆವು. ಕಾರು ತಯಾರಕರ ಭರವಸೆಯ ಅವಧಿಯು ಇನ್ನೂ ಮುಗಿಯದವರು ತಂತಿಗೆ ಕೈಹಾಕುವ ಮುನ್ನ ಅವರನ್ನೂ ವಿಮೆಯವರನ್ನೂ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ನಮ್ಮ ಸ್ನೇಹಿತರೇ ಪರೀಕ್ಷಕರಾದರು. ಹೊಸ ಕೋಲನ್ನು ಊರಿಕೊಂಡು ಕಾಂಪೌಂಡಿನ ಗೋಡೆಯ ಪಕ್ಕದಲ್ಲಿ ನಿಂತು, ಕೇಳಿಸಿದೊಡನೆ ಕೈಯೆತ್ತುವೆನೆಂದರು. ಮಗನು ಕಾರನ್ನು ಮೆಲ್ಲನೆ ನಡೆಸಿದನು. ನಾವು ಹೆಜ್ಜೆಗಳನ್ನು ಅಳೆದೆವು. ಮೊದಲು ಯಂತ್ರದ ಫ್ಯೂಸನ್ನು ತೆಗೆದು ನೋಡಿದಾಗ ಕಾರು ನಾಲ್ಕು ಹೆಜ್ಜೆಗಳ ಹತ್ತಿರ ಬಂದ ಮೇಲೆ ಅವರ ಕೈ ಎದ್ದಿತು. ಹಿಮ್ಮುಖವಾಗಿ ಬಂದಾಗ ಏಳಲೇ ಇಲ್ಲ, ಮಗನು ಬ್ರೇಕನ್ನು ಒತ್ತಿದನು. ಫ್ಯೂಸನ್ನು ಹಾಕಿದ ಮೇಲೆ ಎದುರು ಬರುವಾಗ ಹದಿನೆಂಟು ಹೆಜ್ಜೆ, ಹಿಮ್ಮುಖದಲ್ಲಿ ಹನ್ನೆರಡು. ನಮಗೆ ಹಿಗ್ಗಾಯಿತು. ಅವರು ಮಾತ್ರ, ದನಿ ತೀರ ಸಣ್ಣದು, ಸೊಳ್ಳೆಯಂತಿದೆ, ಕೆಳಗಿಳಿಸಿ ಎಂದರು. ಶಿಷ್ಯನು ಇಳಿಸಿದನು. ಸಂಜೆ ಬಸ್ಸುಗಳು ತಿರುಗುವ ಮೂಲೆಯಲ್ಲಿ ಮತ್ತೆ ಪರೀಕ್ಷಿಸಬೇಕೆಂದು ಹಟಮಾಡಿದವರೂ ಅವರೇ. ಅಲ್ಲಿ ಯಂತ್ರವಿದ್ದಾಗ ಐದು ಹೆಜ್ಜೆ, ಇಲ್ಲದಾಗಲೂ ಐದು. ಬಸ್ಸುಗಳ ಆರ್ಭಟದಲ್ಲಿ ನಮ್ಮ ಬಿನ್ನಹವು ಮುಳುಗಿಹೋಯಿತು. ಗಣಿತದ ಉಪಾಧ್ಯಾಯರಾದ್ದರಿಂದ ಅದನ್ನೂ ಲೆಕ್ಕದಲ್ಲಿ ಬರೆದುಕೊಳ್ಳಿರೆಂದರು, ಬರೆದುಕೊಂಡೆವು.

ಈಗಲೂ ಅವರು ಬೆಳಿಗ್ಗೆ ಆರೂವರೆಗೆ ಬರುತ್ತಾರೆ. ಗೇಟಿನ ಬಳಿ ಒಂದು ಕ್ಷಣ ನಿಂತು ಕಿವಿಗೊಟ್ಟು, ಆಮೇಲೆ ಒಳಕ್ಕೆ ಕಾಲಿಡುತ್ತಾರೆ. ಮುರಿದ ಕೋಲಿನ ಎರಡು ತುಂಡುಗಳು ನಮ್ಮ ಪುಸ್ತಕದ ಬೀರುವಿನ ಮೇಲಿವೆ. ಎದುರು ಮನೆಯವರು ಕಳೆದ ತಿಂಗಳು ಇದೇ ಬಗೆಯ ಹಳೆಯ ಕಾರೊಂದನ್ನು ಕೊಂಡಿದ್ದಾರೆ. ಅವರೊಡನೆ ಮಾತನಾಡಬೇಕೆಂದು ಎರಡು ಸಲ ಹೋಗಿ, ಅವರು ಮನೆಯಲ್ಲಿಲ್ಲದ್ದರಿಂದ ಹಿಂದಿರುಗಿದ್ದೇವೆ. ಭಾನುವಾರ ಮತ್ತೆ ಹೋಗಬೇಕೆಂದಿದ್ದೇವೆ.